ಫೆಲಿಸಿತಾಳ ಗಾಡಿ

ಆರ್ಲಿಂಗ್ಟನ್, ವರ್ಜೀನಿಯಾ
14 ಏಪ್ರಿಲ್ 1996

ಪ್ರೀತಿಯ ಗುಲಾಬಿ ಅಕ್ಕನಿಗೆ ಪುಂಡಲೀಕನ ನಮಸ್ಕಾರ.

ಫೋನ್ ಮಾಡಿದಾಗಲೆಲ್ಲ ಬದರಿನಾಥ ಭಾವನೇ ಎತ್ತುತ್ತಾರೆ. "ಅವಳು ಡ್ಯೂಟಿಗೆ ಹೋಗಿದಾಳಪ್ಪ" ಎಂದು ಇಟ್ಟುಬಿಡುತ್ತಾರೆ. ನರ್ಸುಗಳಿಗೆ ಅಟ್ಲಾಂಟಾದಲ್ಲಿ ಮನೆಯೇ ಇಲ್ಲವೋ ಏನೋ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಾನು ಈ ಹೋಟೆಲಿಗೆ ಬಂದು ಎಂಟು ತಿಂಗಳಾಯಿತು. ದೋಸೆ ಹುಯ್ಯುವುದು, ವಡೆ ಕರಿಯುವುದು, ಭಾನುವಾರದ ಬಫೆಗೆ ಬಿಸಿಬೇಳೆಬಾತು ಮಾಡುವುದು ಎಲ್ಲ ನಾನೇ. ಆದರೆ ಬಿಸಿ ದೋಸೆಯನ್ನು ನಾನು ತಿನ್ನಬಾರದು. ಅಡುಗೆಯವರಿಗೆ ಹಿಂದಿನ ದಿನದ್ದು ಎಂದು ಸೂರ್ಯನಾರಾಯಣ ಅಂಕಲ್ ನಿಯಮ ಮಾಡಿದ್ದಾರೆ. ಭಾವನ ಸೋದರಮಾವ ಎಂದು ನಾನೂ ಸುಮ್ಮನಿದ್ದೇನೆ. ನಾವು ಐದು ಜನ ಅಡುಗೆಯವರು ಮಲಗುವ ಅಪಾರ್ಟ್‌ಮೆಂಟಿನಲ್ಲೂ ಮೀನು ಬೇಯಿಸುವ ಹಾಗಿಲ್ಲ. ಗಂಗೊಳ್ಳಿಯಲ್ಲಿ ಹುಟ್ಟಿದವನು ಎಂಟು ತಿಂಗಳು ಮೀನಿನ ಮುಖ ನೋಡದೆ ಇದ್ದೆ ಎಂದರೆ ಊರಿನಲ್ಲಿ ಯಾರೂ ನಂಬಲಾರರು.

ಈಗ ಒಂದು ಒಳ್ಳೆಯ ಸುದ್ದಿ. ಮಧ್ಯಾಹ್ನ ಮೂರರಿಂದ ಐದರವರೆಗೆ ನಮಗೆ ಬಿಡುವು. ಹೋಟೆಲಿನ ಹಿಂಬಾಗಿಲಿನಿಂದ ಹೊರಗೆ ಹೋಗಿ ಬಲಕ್ಕೆ ಹೊರಳಿದರೆ ಬ್ಯಾಂಕಿನ ಮೂಲೆಯಲ್ಲಿ ಒಂದು ತಳ್ಳುಗಾಡಿ ನಿಲ್ಲುತ್ತದೆ. ನಡೆಸುವವಳು ಪೆರು ಎಂಬ ದೇಶದ ಫೆಲಿಸಿತಾ. ಐವತ್ತು ದಾಟಿದ ಹೆಂಗಸು, ಅಲ್ಲಿ ಶಾಲೆಯಲ್ಲಿ ಟೀಚರ್ ಆಗಿದ್ದಳಂತೆ. ನಾನು ಮೊದಲ ದಿನ ಗಾಡಿಯ ಎದುರು ಸುಮ್ಮನೆ ವಾಸನೆ ಹಿಡಿದು ನಿಂತಿದ್ದೆ. ಅವಳು ನನ್ನ ಏಪ್ರನ್ ನೋಡಿದಳು.

"ಯೂ ಕುಕ್?"

"ಯೆಸ್."

"ಕುಕ್ ಹಂಗ್ರಿ, ಬ್ಯಾಡ್ ರೆಸ್ಟೋರೆಂಟ್," ಎಂದು ಹಾಲಿನ ಕ್ರೇಟೊಂದನ್ನು ಬೋರಲು ಹಾಕಿ, ಕೂರು ಎಂದು ತೋರಿಸಿದಳು.

ಅಂದು ಶುಕ್ರವಾರ. ಶುಕ್ರವಾರ ಮಾತ್ರ ಅವಳು ಮೀನು ಕರಿಯುತ್ತಾಳೆ. ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಮೀನಿನ ಮೇಲೆ ಲಿಂಬೆಹುಳಿಯಲ್ಲಿ ನೆನೆಸಿದ ಈರುಳ್ಳಿ. ಪಕ್ಕದಲ್ಲಿ ನಮ್ಮ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕಾಳಿನ ಬೇಯಿಸಿದ ಮೆಕ್ಕೆಜೋಳ. ಜೊತೆಗೆ ಹಳದಿ ಮೆಣಸಿನ ಒಂದು ಚಟ್ನಿ, ಅದರಲ್ಲಿ ಶೇಂಗಾ ಅರೆದಿದ್ದಾಳೆ, ಇನ್ನೇನೋ ಒಂದು ಸೊಪ್ಪು ಇದೆ, ನನ್ನ ನಾಲಿಗೆಗೆ ಅದು ಸಿಗಲಿಲ್ಲ. ಮೊದಲ ತುತ್ತಿಗೇ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದುಕೊಂಡಳು, ನಾನೂ ತಲೆಯಾಡಿಸಿದೆ. ಮುಳ್ಳೆಲ್ಲ ಚೀಪಿ ಮುಗಿಸುವವರೆಗೆ ಎದ್ದೇಳಲಿಲ್ಲ. ಈಗ ದಿನಾ ಹೋಗುತ್ತೇನೆ. ಉಳಿದ ದಿನ ಆಲೂಗಡ್ಡೆಯ ಕಡುಬಿನಂಥದ್ದೊಂದನ್ನು ಕರಿದು ಕೊಡುತ್ತಾಳೆ.

ಅಕ್ಕ, ನನ್ನ ಪಾಸ್‌ಪೋರ್ಟು ಯಾವಾಗ ಕೊಡುತ್ತಾರೆ ಎಂದು ಭಾವನ ಹತ್ತಿರ ಕೇಳಿ ತಿಳಿಸು. ಅಂಕಲ್ ಹತ್ತಿರ ಕೇಳಿದರೆ ಮಾತು ಬದಲಿಸುತ್ತಾರೆ. ಅಳಿಯ ಅವಿನಾಶನಿಗೆ ಮುದ್ದು.

ನಿನ್ನ ತಮ್ಮ,
ಪುಂಡಲೀಕ


ನಾರ್‌ಕ್ರಾಸ್, ಜಾರ್ಜಿಯಾ
2 ಮೇ 1996

ಪುಂಡಲೀಕನಿಗೆ ಆಶೀರ್ವಾದ.

ನಿನ್ನ ಕಾಗದ ಬರುವ ಮೊದಲೇ ನಿನ್ನ ಸುದ್ದಿ ಬಂತು. ಸೂರ್ಯನಾರಾಯಣ ಅಂಕಲ್ ಫೋನ್ ಮಾಡಿದ್ದರು. ಇವರು ಸ್ಪೀಕರಿನಲ್ಲಿ ಹಾಕಿ ನನ್ನನ್ನು ಎದುರು ಕೂರಿಸಿಕೊಂಡರು.

"ಶುದ್ಧ ಸಸ್ಯಾಹಾರಿ ಅಂತ ಬೋರ್ಡ್ ಹಾಕಿದೀನಿ ಕಣಯ್ಯ. ನಿನ್ನ ಭಾಮೈದ ನನ್ನ ಹೋಟ್ಲು ಏಪ್ರನ್ ಹಾಕ್ಕೊಂಡು ರೋಡ್ ಪಕ್ಕ ಕೂತು ಮೀನಿನ ಮುಳ್ಳು ಚೀಪ್ತಾನೆ. ಟೆಂಪಲ್ ಕಮಿಟಿಯವರು ನೋಡಿದಾರೆ. ಏನಂತ ಹೇಳ್ಲಿ ಅವರಿಗೆ?"

ಇವರು ನನ್ನ ಮುಖ ನೋಡಿದರು. ಆ ನೋಟ ಹೇಗಿರುತ್ತದೆ ಎಂದು ನಿನಗೆ ಗೊತ್ತಿಲ್ಲ.

ನಾನು ಮದುವೆಯಾಗಿ ಒಂಬತ್ತು ವರ್ಷವಾಯಿತು. ಈ ಮನೆಯ ಹೊಸಿಲು ದಾಟಿ ಒಂದು ಬಂಗುಡೆ ಮೀನು ಒಳಗೆ ಬಂದಿಲ್ಲ. ನಾನು ಸತ್ತುಹೋದೆನೇ? ನಿನಗೆ ಎಂಟು ತಿಂಗಳು ತಡೆಯಲಾಗಲಿಲ್ಲ. ಕರೆದು ಕೆಲಸ ಕೊಟ್ಟವರ ಮರ್ಯಾದೆಯನ್ನು ರಸ್ತೆಯಲ್ಲಿ ಕೂತು ತಿಂದೆ. ಗಾಡಿಯ ಮೇಲಿನ ಎಣ್ಣೆ ಎಷ್ಟು ದಿನದ್ದೋ. ಅದನ್ನು ತಿಂದು ಹೊಟ್ಟೆ ಹಿಡಿದುಕೊಂಡು ನಮ್ಮ ವಾರ್ಡಿಗೆ ಬರುವವರನ್ನು ನಾನು ದಿನಾ ನೋಡುತ್ತೇನೆ.

ಇನ್ನು ಆ ಕಡೆ ಹೋಗಬೇಡ. ನಿನ್ನ ಪಾಸ್‌ಪೋರ್ಟು ಅಂಕಲ್ ಹತ್ತಿರ ಭದ್ರವಾಗಿದೆ. ಅದರ ಚಿಂತೆ ನಿನಗೇಕೆ, ಎಲ್ಲಿಗೆ ಹೊರಟಿದ್ದೀಯ?

ಗುಲಾಬಿ


ಆರ್ಲಿಂಗ್ಟನ್
26 ಮೇ 1996

ಅಕ್ಕ,

ಕೆಲಸ ಜಾಸ್ತಿ, ಉದ್ದ ಬರೆಯಲು ಆಗುವುದಿಲ್ಲ.

ನಾನು ಮೀನು ತಿಂದೆ. ಕದ್ದು ತಿನ್ನಲಿಲ್ಲ. ಇನ್ನೂ ತಿನ್ನುತ್ತೇನೆ. ಮುಂದೆ ಅಂಕಲ್ ಫೋನ್ ಮಾಡಿದರೆ, ಬಿಡುವಿನಲ್ಲಿ ಹಿಂಬಾಗಿಲಿಗೆ ಬೀಗ ಹಾಕುವುದು ಯಾವ ಮರ್ಯಾದೆ ಎಂದು ಕೇಳು. ಈಗ ಮುಂಬಾಗಿಲಿನಿಂದ, ಗಿರಾಕಿಗಳ ಎದುರಿನಿಂದಲೇ ಹೋಗುತ್ತಿದ್ದೇನೆ.

ಪಾಸ್‌ಪೋರ್ಟು ಬೇಕು. ಎಲ್ಲಿಗೆ ಹೊರಟೆ ಎಂದು ಕೇಳಬೇಡ.

ಪುಂಡಲೀಕ


ನಾರ್‌ಕ್ರಾಸ್
12 ಜೂನ್ 1996

ಪುಂಡಲೀಕನಿಗೆ,

ಕೋಳಿ ಕೆದಕಿದ ಹಾಗಿರುವ ಆ ಅಕ್ಷರ ನೋಡಿಯೇ ನಿನ್ನ ಸಿಟ್ಟು ಗೊತ್ತಾಯಿತು. ಅಮ್ಮ ಹೋದ ಮೇಲೆ ಸ್ಲೇಟು ಹಿಡಿಸಿ ನಿನಗೆ ಅಕ್ಷರ ತಿದ್ದಿಸಿದವಳು ನಾನು. ಒಂದು ಕಾಗದವನ್ನು ನೆಟ್ಟಗೆ ಬರೆಯುವಷ್ಟು ಗೌರವವೂ ನನ್ನ ಮೇಲೆ ಉಳಿದಿಲ್ಲವೇ?

ನಿನಗೆ ಒಂದು ವಿಷಯ ಅರ್ಥವಾಗುವುದಿಲ್ಲ. ನಿನ್ನ ಭಾವನ ಕಡೆಯವರು ನನ್ನ ಕೈಯ ಕಾಫಿ ಕುಡಿಯಲು ಆರು ವರ್ಷ ತೆಗೆದುಕೊಂಡರು. ಮೀನಿನವರ ಮನೆಯಿಂದ ಬಂದವಳು ಎಂದು ಇವರ ಅಕ್ಕ ನನ್ನ ಎದುರೇ ಅಂದಿದ್ದಾರೆ. ಈಗ ಹಬ್ಬಕ್ಕೆ ಕರೆಯುತ್ತಾರೆ, ಅಡುಗೆಮನೆಯೊಳಗೆ ಬಿಡುತ್ತಾರೆ. ನೀನು ರಸ್ತೆಬದಿಯಲ್ಲಿ ಕೂತು ಅದನ್ನೆಲ್ಲ ಹಾಳು ಮಾಡುತ್ತಿದ್ದೀಯ.

ನೇರವಾಗಿ ಕೇಳುತ್ತೇನೆ. ಆ ಹೆಂಗಸು ನಿನ್ನ ತಲೆ ಕೆಡಿಸುತ್ತಿದ್ದಾಳೆಯೇ? ಪಾಸ್‌ಪೋರ್ಟು ಕೇಳು ಎಂದು ಹೇಳಿಕೊಟ್ಟವಳು ಅವಳೇ ತಾನೇ? ಅವಳಿಗೆ ಮಗಳಿದ್ದಾಳೆಯೇ?

ಗುಲಾಬಿ


ಆರ್ಲಿಂಗ್ಟನ್
21 ಜುಲೈ 1996

ಗುಲಾಬಿಗೆ,

ಅವಳಿಗೆ ಮಗಳಿಲ್ಲ. ಇದ್ದ ಒಬ್ಬ ಮಗನನ್ನು ಅವಳ ದೇಶದಲ್ಲಿ ಯಾರೋ ಮನೆಯಿಂದ ಎಳೆದುಕೊಂಡು ಹೋದರು, ಆಮೇಲೆ ಅವನು ಸಿಗಲಿಲ್ಲ. ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ.

ಈಗ ಅಕ್ಷರದ ವಿಷಯ. ನಿನಗೆ ಹೇಳಬಾರದು ಎಂದುಕೊಂಡಿದ್ದೆ. ಮೇ ಹದಿನೇಳರಂದು ವಡೆಯ ಬಾಣಲೆ ಜಾರಿ ಕಾದ ಎಣ್ಣೆ ನನ್ನ ಬಲಗೈ ಮೇಲೆ ಸುರಿಯಿತು. ಮೊಣಕೈವರೆಗೆ ಚರ್ಮ ಎದ್ದು ಬಂತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದೆ. ನಿಮ್ಮ ಸೂರ್ಯನಾರಾಯಣ ಏನು ಹೇಳಿದರು ಗೊತ್ತೇ?

"ಐಸ್ ಇಟ್ಕೋ. ಆಸ್ಪತ್ರೇಲಿ ಪೇಪರ್ಸ್ ಕೇಳ್ತಾರೆ. ಪೇಪರ್ಸ್ ನಿನ್ ಹತ್ರ ಇಲ್ವಲ್ಲ."

ಮೂರು ದಿನ ಆ ಕೈಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಎಡಗೈಯಲ್ಲಿ ದೋಸೆ ಹುಯ್ದೆ. ನಾಲ್ಕನೆಯ ದಿನ ಫೆಲಿಸಿತಾ ಚೀಲ ಬಿಚ್ಚಿ ನೋಡಿದಳು. ಊಟಕ್ಕೆ ನಿಂತಿದ್ದ ಗಿರಾಕಿಗಳಿಗೆ ಕೈ ಮುಗಿದು ಗಾಡಿಯ ಒಲೆ ಆರಿಸಿದಳು. ಪುಕ್ಕಟೆ ಔಷಧಿ ಕೊಡುವ ಕ್ಲಿನಿಕ್ಕಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಸತ್ತ ಚರ್ಮ ಕತ್ತರಿಸುವಾಗ ಅಲ್ಲಿಯ ನರ್ಸು, ನಿನಗೆ ಈ ದೇಶದಲ್ಲಿ ಯಾರೂ ಇಲ್ಲವೇ ಎಂದು ಕೇಳಿದಳು. ನನ್ನ ಅಕ್ಕನೂ ನರ್ಸು ಎಂದು ಹೇಳಲು ನನಗೆ ನಾಚಿಕೆಯಾಯಿತು. ಮೇ ತಿಂಗಳ ಕಾಗದ ಎಡಗೈಯಲ್ಲಿ ಬರೆದದ್ದು. ಕೋಳಿ ಕೆದಕಿದ್ದಲ್ಲ.

ಇನ್ನೂ ಇದೆ, ಕೇಳು. ಈ ತಿಂಗಳ ಹನ್ನೆರಡು, ಶುಕ್ರವಾರ. ನಾನು ಕ್ರೇಟಿನ ಮೇಲೆ ತಟ್ಟೆ ಹಿಡಿದು ಕೂತಿದ್ದೆ. ಇಬ್ಬರು ಇನ್ಸ್‌ಪೆಕ್ಟರುಗಳು ಬಂದರು. ಅವಳ ಲೈಸೆನ್ಸಿನಲ್ಲಿ ಜೋಳ, ಆಲೂಗಡ್ಡೆ ಇದೆ, ಮೀನು ಇಲ್ಲ. ಕಂಪ್ಲೇಂಟ್ ಬಂದಿದೆ ಎಂದರು. ಅವರು ಒರಟಾಗಿ ಮಾತಾಡಲಿಲ್ಲ, ಒಬ್ಬನು ಸಾರಿ ಎಂದೂ ಹೇಳಿದ. ಆಮೇಲೆ ಒಂದು ಕ್ಯಾನ್ ಬ್ಲೀಚ್ ತೆಗೆದು ಕರಿದ ಮೀನಿನ ಮೇಲೆ, ಈರುಳ್ಳಿಯ ಮೇಲೆ, ಚಟ್ನಿಯ ಪಾತ್ರೆಯೊಳಗೆ ಸುರಿದ. ಯಾರೂ ತಿನ್ನದಿರಲಿ ಎಂದು ಹಾಗೆ ಮಾಡುವುದಂತೆ. ಅನ್ನದ ಮೇಲೆ ವಿಷ ಸುರಿಯುವುದನ್ನು ನಾನು ಮೊದಲ ಸಲ ನೋಡಿದೆ. ಗಾಡಿಯನ್ನು ಟ್ರಕ್ಕಿಗೆ ಕಟ್ಟಿ ಎಳೆದುಕೊಂಡು ಹೋದರು. ಫೆಲಿಸಿತಾ ಕೈಯಲ್ಲಿ ಸೌಟು ಹಿಡಿದುಕೊಂಡೇ ನಿಂತಿದ್ದಳು.

ನಿಮ್ಮ ಸೂರ್ಯನಾರಾಯಣ ಹೋಟೆಲಿನ ಗಾಜಿನ ಹಿಂದೆ ಕಾಫಿ ಕುಡಿಯುತ್ತ ನೋಡುತ್ತಿದ್ದರು. ನಾನು ಒಳಗೆ ಹೋದ ಕೂಡಲೇ, "ನಾನೇ ಕಂಪ್ಲೇಂಟ್ ಕೊಟ್ಟಿದ್ದು. ಇನ್ನು ಎಲ್ಲಿಗೆ ಹೋಗ್ತೀಯೋ ನೋಡೋಣ" ಎಂದರು.

ಎರಡು ದಿನ ಕಳೆದು ಭಾನುವಾರದ ಬಫೆ. ಹೋಟೆಲಿನ ತುಂಬ ಜನ, ಟೆಂಪಲ್ ಕಮಿಟಿಯವರೂ ಇದ್ದರು. ನಾನು ಅಡುಗೆಮನೆಯಿಂದ ಎಲ್ಲರ ನಡುವೆ ನಡೆದು ಬಂದು ಸೂರ್ಯನಾರಾಯಣ ಕೂತಿದ್ದ ಕ್ಯಾಷ್ ಕೌಂಟರಿನ ಎದುರು ನಿಂತೆ. ಫೆಲಿಸಿತಾ ಬಾಗಿಲಲ್ಲಿ ನಿಂತಿದ್ದಳು, ನಾನೇ ಬಾ ಎಂದಿದ್ದೆ.

"ನನ್ನ ಪಾಸ್‌ಪೋರ್ಟ್ ಕೊಡಿ," ಎಂದೆ.

"ಆಮೇಲೆ ಮಾತಾಡೋಣ, ಒಳಗೆ ಹೋಗು."

"ಈಗಲೇ ಕೊಡಿ. ಇವರೆಲ್ಲರ ಎದುರು ಕೊಡಿ."

ತಿನ್ನುತ್ತಿದ್ದವರು ಚಮಚ ಕೆಳಗಿಟ್ಟರು. ಸೂರ್ಯನಾರಾಯಣ ಮೊದಲು ನಕ್ಕರು, ಆಮೇಲೆ ದನಿ ಏರಿಸಿದರು. "ಇವರ ನಾಲ್ಕು ಜನದ್ದು ನನ್ ಹತ್ರ ಇದೆ, ಹೌದು. ನಿಂದು ಎಲ್ಲಿದೆಯೋ? ನಾರ್‌ಕ್ರಾಸ್‌ನಲ್ಲಿ ನಿನ್ ಭಾವನ ಮನೇಲಿದೆ. ಹೋಗಿ ನಿನ್ನ ಅಕ್ಕನ್ನ ಕೇಳು."

ನಾನು ಏಪ್ರನ್ ಬಿಚ್ಚಿ ಪೊಂಗಲ್ ಪಾತ್ರೆಯ ಮೇಲೆ ಎಸೆದು ಹೊರಗೆ ಬಂದೆ. ಅಂದಿನಿಂದ ಫೆಲಿಸಿತಾಳ ಮನೆಯ ಸೋಫಾದ ಮೇಲೆ ಮಲಗುತ್ತಿದ್ದೇನೆ. ವಿಳಾಸ ಲಕೋಟೆಯ ಹಿಂದೆ ಬರೆದಿದ್ದೇನೆ.

ಈಗ ಕೇಳುತ್ತಿದ್ದೇನೆ. ನಿನ್ನ ಮನೆಯಲ್ಲಿ ಇದೆಯೇ?

ಪುಂಡಲೀಕ


ಆರ್ಲಿಂಗ್ಟನ್
11 ಆಗಸ್ಟ್ 1996

ಮೂರು ವಾರವಾಯಿತು. ಇದೆ ಎಂದಾದರೂ ಬರೆ, ಇಲ್ಲ ಎಂದಾದರೂ ಬರೆ. ಸುಮ್ಮನಿರಬೇಡ.


ನಾರ್‌ಕ್ರಾಸ್
19 ಆಗಸ್ಟ್ 1996

ಪುಂಡ,

ಇದನ್ನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಬರೆಯುತ್ತಿದ್ದೇನೆ. ಇನ್ನು ಮನೆಗೆ ಬರೆಯಬೇಡ, ವಾರ್ಡಿನ ವಿಳಾಸಕ್ಕೆ ಬರೆ. ನಿನ್ನ ಜುಲೈ ಕಾಗದ ನನ್ನ ಕೈ ಸೇರುವ ಹೊತ್ತಿಗೆ ಇವರು ಅದನ್ನು ಒಡೆದು ಓದಿದ್ದರು.

ನಿನ್ನ ಕೈಯ ಸಂಗತಿ ಓದಿದ ದಿನ ನಾನು ಕೆಲಸದಲ್ಲಿ ನಿಲ್ಲಲಾರದೆ ಹೋದೆ. ನಮ್ಮಲ್ಲಿ ಸುಟ್ಟಗಾಯದವರಿಗೆ ಡ್ರೆಸ್ಸಿಂಗ್ ಮಾಡುವವಳು ನಾನೇ. ಗಾಯ ಪೂರ್ತಿ ಒಣಗಿದೆಯೇ? ಬೆರಳುಗಳನ್ನು ದಿನಾ ಮಡಿಸಿ ಬಿಚ್ಚು, ನೋವಾದರೂ ಬಿಡಬೇಡ. ಇಲ್ಲದಿದ್ದರೆ ಚರ್ಮ ಎಳೆದುಕೊಂಡು ಕೈ ಮುದುಡುತ್ತದೆ.

ಪಾಸ್‌ಪೋರ್ಟು ಇತ್ತು. ಇವರ ಫೈಲ್ ಕ್ಯಾಬಿನೆಟ್ಟಿನ ಬೀಗ ಹಾಕಿದ ಡ್ರಾಯರಿನಲ್ಲಿ, ಅವಿನಾಶನ ಬರ್ತ್ ಸರ್ಟಿಫಿಕೇಟಿನ ಕೆಳಗೆ ಇತ್ತು. ನಿನ್ನೆ ಇವರ ಎದುರೇ ಸ್ಕ್ರೂಡ್ರೈವರ್ ಹಾಕಿ ಡ್ರಾಯರ್ ಎಬ್ಬಿಸಿದೆ.

"ಏನು ಮಾಡ್ತಿದೀಯಾ ಗುಲಾಬಿ? ಅವನು ಓಡಿಹೋದ್ರೆ ಮಾವನ ಬಿಸಿನೆಸ್ ಏನಾಗತ್ತೆ ಯೋಚ್ನೆ ಮಾಡಿದ್ಯಾ?"

"ಅವನ ಕೈ ಸುಟ್ಟುಹೋಗಿದೆ," ಎಂದೆ.

"ಅದು ಆಕ್ಸಿಡೆಂಟು. ಅದಕ್ಕೂ ಇದಕ್ಕೂ ಏನು ಸಂಬಂಧ?"

ಇವರು ಕೆಟ್ಟವರಲ್ಲ ಎಂದು ಒಂಬತ್ತು ವರ್ಷ ನಾನು ಎಲ್ಲರಿಗೂ ಹೇಳಿಕೊಂಡು ಬಂದೆ. ನಿನ್ನೆ ಆ ಮಾತು ಕೇಳಿದ ಮೇಲೆ ನನಗೂ ಹಾಗೆ ಹೇಳಲು ಬಾಯಿ ಬರುತ್ತಿಲ್ಲ. ಪಾಸ್‌ಪೋರ್ಟನ್ನು ಈ ಕಾಗದದ ಜೊತೆ ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ. ಸಹಿ ಹಾಕಿ ನಿನ್ನ ಕೈಯಾರೆ ತೆಗೆದುಕೋ.

ಅಕ್ಕ


ಆರ್ಲಿಂಗ್ಟನ್
8 ಸೆಪ್ಟೆಂಬರ್ 1996

ಪ್ರೀತಿಯ ಅಕ್ಕನಿಗೆ,

ಪಾಸ್‌ಪೋರ್ಟು ಬಂತು. ಲಕೋಟೆ ಒಡೆದು ಅದರಲ್ಲಿದ್ದ ನನ್ನ ಫೋಟೊ ನೋಡಿ ಫೆಲಿಸಿತಾ, ಇವನು ಯಾರು, ಇಷ್ಟು ದಪ್ಪ ಇದ್ದಾನಲ್ಲ ಎಂದಳು. ಬಹಳ ದಿನಗಳ ಮೇಲೆ ಇಬ್ಬರೂ ನಕ್ಕೆವು. ಬೆರಳು ಮಡಿಸುತ್ತಿದ್ದೇನೆ, ಮೂರು ಸರಿಯಾಗಿ ಮಡಿಯುತ್ತವೆ.

ಜುಲೈಯಲ್ಲಿ ನಿನಗೆ ಕೆಟ್ಟದಾಗಿ ಬರೆದೆ. ನಿನ್ನ ಮನೆಯಲ್ಲೇ ಇದೆ ಎಂದಾಗ ನಿನಗೂ ಗೊತ್ತಿರುತ್ತದೆ ಎಂದುಕೊಂಡೆ. ಗಂಡ ಬೀಗ ಹಾಕಿಟ್ಟದ್ದು ಹೆಂಡತಿಗೆ ಹೇಗೆ ಗೊತ್ತಾಗಬೇಕು? ಆ ಡ್ರಾಯರ್ ಎಬ್ಬಿಸುವಾಗ ನಿನಗೆ ಎಷ್ಟು ಕಷ್ಟವಾಯಿತೋ. ಅದನ್ನು ನಾನು ಮರೆಯುವುದಿಲ್ಲ.

ಇಲ್ಲಿ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಶನಿವಾರ ಒಬ್ಬ ವಕೀಲೆ ಕೂರುತ್ತಾಳೆ, ಬಡವರ ಕೇಸು ನೋಡುತ್ತಾಳೆ. ಫೆಲಿಸಿತಾ ಗಾಡಿ ಬಿಡಿಸಿಕೊಳ್ಳಲು ಹೋದಾಗ ನನ್ನನ್ನೂ ಕರೆದುಕೊಂಡು ಹೋದಳು. ನಾನು ಎಲ್ಲವನ್ನೂ ಹೇಳಿದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಬ್ಬಳ್ಳಿಯ ಕರಬಸಪ್ಪನಿಗೆ ಈಗಲೂ ಹೊರಗೆ ಬರಲು ಧೈರ್ಯವಿಲ್ಲ. ಎಲ್ಲರ ಪಾಸ್‌ಪೋರ್ಟು ಬೇಕೆಂದೇ ಹಿಡಿದಿಟ್ಟರು ಎಂದು ಸಾಬೀತಾಗಬೇಕಂತೆ. ಮರೆತು ಇಟ್ಟುಕೊಂಡೆವು ಎಂದುಬಿಟ್ಟರೆ ಕೇಸು ನಿಲ್ಲುವುದಿಲ್ಲ. ಭಾವನ ಹೆಸರು ಕೊಟ್ಟಿದ್ದೇನೆ. ನಿನಗೆ ಬೇಸರವಾಗಬಹುದು, ಆದರೂ ಕೊಟ್ಟೆ. ಅಕ್ಕನಿಗೆ ಗೊತ್ತಿತ್ತೇ ಎಂದು ವಕೀಲೆ ಕೇಳಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ, ಗೊತ್ತಾದ ದಿನವೇ ಬೀಗ ಒಡೆದು ಕಳಿಸಿದಳು ಎಂದು ಹೇಳಿ ಸಹಿ ಹಾಕಿದ್ದೇನೆ. ವಕೀಲೆಯ ಫೋನ್ ನಂಬರ್ ಕೆಳಗೆ ಬರೆದಿದ್ದೇನೆ. ಏನಾದರೂ ಹೇಳುವುದಿದ್ದರೆ ಅವಳಿಗೆ ಹೇಳು.

ನಿನ್ನ ತಮ್ಮ,
ಪುಂಡಲೀಕ


ನಾರ್‌ಕ್ರಾಸ್
29 ಸೆಪ್ಟೆಂಬರ್ 1996

ಪುಂಡಲೀಕನಿಗೆ,

ನೀನು ಸಹಿ ಹಾಕಿದ ಮಾತು ಸುಳ್ಳು. ನಿನಗೆ ಅದು ಗೊತ್ತಿರಲಿಲ್ಲ, ತಪ್ಪು ನಿನ್ನದಲ್ಲ.

ಎರಡು ವಾರ ಈ ಕಾಗದ ಬರೆದು ಹರಿದೆ. ಬೈದಿದ್ದರೆ ಸುಮ್ಮನಿರುತ್ತಿದ್ದೆ. ನೀನು ಪ್ರೀತಿಯ ಅಕ್ಕ ಎಂದು ಬರೆದದ್ದನ್ನು ಓದಿ ಇರಲಾಗಲಿಲ್ಲ.

ಹೋದ ವರ್ಷ ಸೂರ್ಯನಾರಾಯಣ ಅಂಕಲ್ ನಮ್ಮ ಮನೆಗೆ ಬಂದು, ಒಳ್ಳೆ ಅಡುಗೆಯವನು ಸಿಗುತ್ತಿಲ್ಲ, ಕರೆಸಿದವರು ಆರು ತಿಂಗಳಿಗೆ ಬೇರೆ ಕಡೆ ಹೋಗಿಬಿಡುತ್ತಾರೆ ಎಂದು ಹೇಳುತ್ತಿದ್ದರು. ಅಂದು ಮೊದಲ ಸಲ ಅವರು ನಾನು ಬಡಿಸಿದ್ದನ್ನು ಎರಡು ಸಲ ಹಾಕಿಸಿಕೊಂಡು ಉಂಡಿದ್ದರು. ನಾನು ನಿನ್ನ ಹೆಸರು ಹೇಳಿದೆ. ಇವನೂ ಹೋಗಿಬಿಟ್ಟರೆ ಎಂದು ಅವರು ಕೇಳಿದರು. ನಾನು ಹೀಗೆ ಹೇಳಿದೆ, ಒಂದು ಅಕ್ಷರವನ್ನೂ ಮರೆತಿಲ್ಲ: "ಅವನ ಪಾಸ್‌ಪೋರ್ಟ್ ನಮ್ಮ ಹತ್ರಾನೇ ಇರ್ಲಿ ಅಂಕಲ್. ನನ್ನ ಮಾತು ಮೀರಿ ಅವನು ಎಲ್ಲಿಗೂ ಹೋಗಲ್ಲ." ಅವರಿಗೆ ಅದು ಬಹಳ ಹಿಡಿಸಿತು. ಉಳಿದವರ ಪಾಸ್‌ಪೋರ್ಟನ್ನೂ ತೆಗೆದಿಟ್ಟುಕೊಳ್ಳಲು ಶುರು ಮಾಡಿದ್ದು ಆಮೇಲೆ. ನೀನು ಏರ್‌ಪೋರ್ಟಿನಿಂದ ನಮ್ಮ ಮನೆಗೆ ಬಂದ ದಿನ, ನೀನು ನಿದ್ದೆ ಹೋದ ಮೇಲೆ, ನಿನ್ನ ಕೋಟಿನ ಜೇಬಿನಿಂದ ಅದನ್ನು ತೆಗೆದು ಇವರ ಕೈಗೆ ಕೊಟ್ಟವಳೂ ನಾನೇ. ಅಂಕಲ್ ಹತ್ತಿರ ಇದೆ ಎಂದು ಮೇ ತಿಂಗಳಲ್ಲಿ ಬರೆದಾಗ ಅದು ನನ್ನಿಂದ ಹತ್ತು ಅಡಿ ದೂರದಲ್ಲಿತ್ತು.

ಮೊನ್ನೆ ವಕೀಲೆಗೆ ಫೋನ್ ಮಾಡಿ ಇದಿಷ್ಟನ್ನೂ ಹೇಳಿದೆ. ಆಕೆ, ನೀವು ಇದನ್ನು ಹೇಳಲೇಬೇಕೆಂದಿಲ್ಲ, ಮೊದಲು ನಿಮ್ಮದೇ ವಕೀಲರನ್ನು ಕೇಳಿ ಎಂದಳು. ನಾನು ಬರೆದುಕೊಳ್ಳಿ ಎಂದೆ. ಬರೆದುಕೊಟ್ಟು ಸಹಿಯನ್ನೂ ಹಾಕಿದ್ದೇನೆ. ಇವರಿಗೆ ಹೇಳಿದೆ. ಅವಿನಾಶನ ಈ ವರ್ಷದ ಸ್ಕೂಲು ಮುಗಿಯುವವರೆಗೆ ಬೇಸ್‌ಮೆಂಟಿನಲ್ಲಿ ಇರುತ್ತೇನೆ, ಆಮೇಲೆ ನೋಡೋಣ ಎಂದು ಕೆಳಗೆ ಹೋದರು. ಹಬ್ಬಕ್ಕೆ ಇನ್ನು ಯಾರೂ ಕರೆಯುವುದಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ.

ಗುಲಾಬಿ


ಆರ್ಲಿಂಗ್ಟನ್
3 ನವೆಂಬರ್ 1996

ಗುಲಾಬಿಗೆ,

ನಿನ್ನ ಹೇಳಿಕೆಯಿಂದ ಕೇಸು ಗಟ್ಟಿಯಾಗಿ ನಿಂತಿತು. ಅದನ್ನು ತಿಳಿಸುವುದು ನ್ಯಾಯ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ವರ ಪಾಸ್‌ಪೋರ್ಟನ್ನೂ ಸೂರ್ಯನಾರಾಯಣರ ಕಡೆಯವರು ವಕೀಲೆಯ ಆಫೀಸಿಗೆ ತಂದು ಕೊಟ್ಟರು. ಕರಬಸಪ್ಪ ತನ್ನದನ್ನು ತೆಗೆದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಅವನು ಊರಿಗೆ ಹೋಗುತ್ತಾನೆ. ನಾನು ಕೇಸು ಮುಗಿಯುವವರೆಗೆ ಇರಬಹುದಂತೆ. ಆಮೇಲೆ ಇರುವುದೋ ಬಿಡುವುದೋ ಎಂದು ಈಗ ನನ್ನನ್ನೇ ಕೇಳುತ್ತಾರೆ.

ಫೆಲಿಸಿತಾಳಿಗೆ ಗಾಡಿ ವಾಪಸ್ ಸಿಕ್ಕಿತು. ಹೊಸ ಲೈಸೆನ್ಸಿನಲ್ಲಿ ಮೀನೂ ಸೇರಿದೆ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಓದಿದಾಗ ಕೈಯಲ್ಲಿದ್ದ ತಟ್ಟೆಯನ್ನು ಗೋಡೆಗೆ ಎಸೆದೆ. ಅಂಕಲ್ ಮೇಲೆ, ಭಾವನ ಮೇಲೆ ಬಂದ ಸಿಟ್ಟು ಇಷ್ಟು ಇರಲಿಲ್ಲ. ಅವರು ನನಗೆ ಏನೂ ಆಗಬೇಕಾಗಿರಲಿಲ್ಲ. ನೀನು ನಿಜ ಹೇಳಿದ್ದರಿಂದ ನಾಲ್ಕು ಜನ ಬಿಡುಗಡೆಯಾದರು ಎಂದು ವಕೀಲೆ ನನಗೆ ಎರಡು ಸಲ ಹೇಳಿದಳು. ಹೌದು ಎಂದೆ. ಸಿಟ್ಟು ಅದಕ್ಕೆ ಇಳಿಯಲಿಲ್ಲ. ಊಟ ಮಾಡುವಾಗ ಬರುತ್ತದೆ, ಬೆರಳು ಮಡಿಸುವಾಗ ಬರುತ್ತದೆ.

ಒಡೆದ ತಟ್ಟೆಯ ಚೂರು ಆರಿಸುತ್ತ ಫೆಲಿಸಿತಾ, ಕಾಗದ ಯಾರದು ಎಂದು ಕೇಳಿದಳು. ಅಕ್ಕನದು ಎನ್ನಲು ಹೊರಟೆ, ಬಾಯಿಂದ ಬರಲಿಲ್ಲ.

ಪುಂಡಲೀಕ